1961ರ ಬೊಂಬಾಯಿ ಕಾದಂಬರಿಗೆ ವಿವರ ಎಲ್ಲಿ ಸಿಗುತ್ತೆ?

ಕೇಳಿದ್ದು: ಕುಂದಾಪುರ ಕಡೆಯ ಹುಡುಗನೊಬ್ಬ 1961ರಲ್ಲಿ ಬೊಂಬಾಯಿಗೆ ಬಂದು ಹೋಟೆಲ್ ಸೇರುತ್ತಾನೆ, ರಾತ್ರಿ ಶಾಲೆಯಲ್ಲಿ ಓದುತ್ತಾನೆ. ಇದು ನನ್ನ ಕಾದಂಬರಿ. ನಾನು ಹುಟ್ಟಿದ್ದೇ ಎಷ್ಟೋ ವರ್ಷ ಆಮೇಲೆ. ಆ ಕಾಲದ ವಿವರ ಹೇಗೆ ಹುಡುಕಲಿ?

ಮುಂಬೈಯ ಮಾಟುಂಗದಿಂದ ಬಂದ ಉತ್ತರ: ಮೊದಲು ಹಿರಿಯರ ಹತ್ತಿರ ಹೋಗಿ. ಪುಸ್ತಕ ಎಲ್ಲೂ ಓಡಿ ಹೋಗಲ್ಲ. ಆದರೆ ‘ಆಗಿನ ಜೀವನ ಹೇಗಿತ್ತು’ ಅಂತ ಕೇಳಬೇಡಿ. ‘ತುಂಬಾ ಕಷ್ಟ ಮಾರಾಯ್ರೆ’ ಎಂದು ಸುಮ್ಮನಾಗುತ್ತಾರೆ. ಟ್ರಂಕ್ ಎಲ್ಲಿ ಇಡುತ್ತಿದ್ದಿರಿ, ಸ್ನಾನ ಎಷ್ಟು ಗಂಟೆಗೆ, ಗಲ್ಲಾದಲ್ಲಿ ಯಾರು ಕೂರುತ್ತಿದ್ದರು ಎಂದು ಕೇಳಿ. ನಮ್ಮ ದೊಡ್ಡಪ್ಪನಿಗೆ ನಾನು ಟ್ರಂಕ್ ವಿಷಯ ಮಾತ್ರ ಕೇಳಿದ್ದೆ. ಎರಡು ಗಂಟೆ ಮಾತಾಡಿದರು. ಹೋಟೆಲ್ ಬಾಗಿಲು ಹಾಕಿದ ಮೇಲೆ ಮೇಜು ಜೋಡಿಸಿ ಅದರ ಮೇಲೇ ಮಲಗುತ್ತಿದ್ದರಂತೆ. ಊರಿಂದ ಒಬ್ಬನಿಗೆ ಕಾಗದ ಬಂದರೆ ಅಡುಗೆಮನೆಯವರೆಲ್ಲ ಸುತ್ತ ಕೂತು ಓದಿಸಿಕೊಳ್ಳುತ್ತಿದ್ದರಂತೆ.

ಆಮೇಲೆ ಇಸವಿ ತಾಳೆ ನೋಡಿ. ನನ್ನ ಒಂದು ಕತೆಯಲ್ಲಿ 1966ರಲ್ಲಿ ಒಬ್ಬನನ್ನು ದಾದರಿನಲ್ಲಿ ಟ್ರಾಮ್ ಹತ್ತಿಸಿದ್ದೆ. ಬೊಂಬಾಯಿಯ ಕೊನೆಯ ಟ್ರಾಮ್ ಓಡಿದ್ದು 1964ರ ಮಾರ್ಚ್ 31ರಂದು. ಹಿರಿಯ ಓದುಗರೊಬ್ಬರು ಆ ಪುಟಕ್ಕೇ ಓದು ನಿಲ್ಲಿಸಿದರು. ಅದು ಇನ್ನೂ ಮನಸ್ಸಿಗೆ ಚುಚ್ಚುತ್ತೆ. ನಿಮ್ಮ ಹುಡುಗ ಧಾರಾಳವಾಗಿ ಟ್ರಾಮ್ ಹತ್ತಬಹುದು. ಅವನ ಜೇಬಿನಲ್ಲಿ ನಯಾ ಪೈಸೆ ಇರಲಿ, ಅದು 1957ರ ಏಪ್ರಿಲ್‌ನಲ್ಲೇ ಬಂದಿತ್ತು. ಈಗಿನ ಸಿಎಸ್‌ಎಂಟಿ ಸ್ಟೇಷನ್ ಹೆಸರು ವಿ.ಟಿ. (ವಿಕ್ಟೋರಿಯಾ ಟರ್ಮಿನಸ್) ಅಂತಲೇ ಬರೆಯಿರಿ.

ಕಲಿನಾದಿಂದ: ಮುಂಬೈ ವಿಶ್ವವಿದ್ಯಾಲಯದ ಕನ್ನಡ ವಿಭಾಗಕ್ಕೆ ಒಮ್ಮೆ ಬನ್ನಿ. ಇಲ್ಲಿನ ಕನ್ನಡಿಗರ ಬಗ್ಗೆ ಸಂಶೋಧನೆ ನಡೆದಿದೆ. ಮುಂಬೈಯಲ್ಲೇ ಹೊರಬರುತ್ತಿದ್ದ ಕನ್ನಡದ ‘ಮೊಗವೀರ’ ಪತ್ರಿಕೆಯ ಹಳೆ ಸಂಚಿಕೆ ಸಿಕ್ಕರೆ ಲೇಖನಕ್ಕಿಂತ ಜಾಹೀರಾತು ಜಾಸ್ತಿ ನೋಡಿ. ಯಾವ ಅಂಗಡಿ ಎಲ್ಲಿತ್ತು, ಜನ ಏನು ಕೊಳ್ಳುತ್ತಿದ್ದರು, ಎಲ್ಲ ಅಲ್ಲೇ ಇರುತ್ತೆ. ಊರಿನ ಮನೆಗಳಲ್ಲಿ ಹಳೆ ಮನಿಆರ್ಡರ್ ಕೂಪನ್ ಇದ್ದರೆ ಬಿಡಬೇಡಿ. ಅದರಲ್ಲಿ ಎರಡು ಸಾಲು ಬರೆಯಲು ಜಾಗ ಇರುತ್ತಿತ್ತು. ಮಗ ಆ ಎರಡು ಸಾಲಿನಲ್ಲಿ ಅಮ್ಮನಿಗೆ ಏನು ಬರೆದ ಎಂಬುದು ಬೇರೆಲ್ಲೂ ಸಿಗಲ್ಲ.

ಪುಣೆಯಿಂದ: ಹುಡುಗ ಬರುವ ದಾರಿ ಯೋಚಿಸಿದ್ದೀರಾ? ಕೊಂಕಣ ರೈಲು ಪೂರ್ತಿ ಶುರುವಾದದ್ದು 1998ರಲ್ಲಿ. ಅವನು ಘಟ್ಟ ಹತ್ತಿ ಹುಬ್ಬಳ್ಳಿಗೆ ಬಂದು ರೈಲು ಹಿಡಿದ ಅಂತಿಟ್ಟುಕೊಳ್ಳಿ. ಆಗ ಹುಬ್ಬಳ್ಳಿಯಿಂದ ಪುಣೆವರೆಗೆ ಮೀಟರ್‌ಗೇಜ್ (ಕಿರಿದಾದ ಹಳಿ), ಮುಂದೆ ಬ್ರಾಡ್‌ಗೇಜ್ (ಅಗಲ ಹಳಿ). ಪುಣೆಯಲ್ಲಿ ಇಳಿದು ಗಾಡಿ ಬದಲಾಯಿಸಲೇಬೇಕು. ಭಾಷೆ ಬಾರದ ಹುಡುಗ ಟ್ರಂಕ್ ಹೊತ್ತು ಪ್ಲಾಟ್‌ಫಾರ್ಮ್ ಹುಡುಕುವ ಒಂದು ಅಧ್ಯಾಯವೇ ಆಯಿತು, ಅಲ್ವಾ? ಬಂದ ತಿಂಗಳನ್ನೂ ಈಗಲೇ ಗಟ್ಟಿ ಮಾಡಿಕೊಳ್ಳಿ. 1961ರ ಜುಲೈ 12ಕ್ಕೆ ಪಾನ್‌ಶೇತ್ ಅಣೆಕಟ್ಟು ಒಡೆದು ಪುಣೆಯ ಪೇಟೆಗಳಿಗೆ ನೀರು ನುಗ್ಗಿತ್ತು. ಅವನು ಆಗಸ್ಟ್‌ನಲ್ಲಿ ಇಲ್ಲಿ ಇಳಿದರೆ ಸ್ಟೇಷನ್ನಿನಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. ಮೇ ತಿಂಗಳಲ್ಲಿ ಇಳಿದರೆ ಆ ಮಾತೇ ಇರಲ್ಲ.