ಕೊಡಗಿನ ಸಿದ್ದಾಪುರ ಕಡೆ ಅಪ್ಪನ ವೈನ್ ಶಾಪ್ ನಾನೇ ನೋಡ್ಕೋಬೇಕಾಗಿದೆ, ಸ್ಟಾಕು ಕ್ಯಾಶು ಎರಡೂ ತಾಳೆ ಆಗ್ತಿಲ್ಲ, ಗೊತ್ತಿರೋರು ಹೇಳಿ

ಲೈನ್‌ಮನೆ_ರೋಡ್:
ಎಲ್ರಿಗೂ ನಮಸ್ಕಾರ. ಸಿದ್ದಾಪುರ ಹತ್ರ ನಮ್ದೊಂದು ಸಿಎಲ್-2 ಅಂಗಡಿ (ಬಾಟ್ಲಿ ಮಾರೋ ರೀಟೇಲ್ ಲೈಸೆನ್ಸಿಂದು) ಇದೆ, ಲೈಸೆನ್ಸ್ ಅಪ್ಪನ ಹೆಸರಲ್ಲೇ ಇದೆ, ಅವ್ರಿಗೆ ಈಗ ಮಂಡಿ ನೋವು ಜಾಸ್ತಿಯಾಗಿ ಕೌಂಟರಲ್ಲಿ ನಿಲ್ಲೋಕಾಗಲ್ಲ, ಹಂಗಾಗಿ ಮೈಸೂರಿನ ಕೆಲಸ ಬಿಟ್ಟು ನಾನೇ ಬಂದಿದೀನಿ. ವ್ಯಾಪಾರ ಇಲ್ಲ ಅಂತಲ್ಲ, ಸಂಜೆ ಐದು ಗಂಟೆ ಆಯ್ತು ಅಂದ್ರೆ ಉಸಿರಾಡೋಕೆ ಟೈಮ್ ಇರಲ್ಲ, ಆದ್ರೆ ತಿಂಗಳ ಕೊನೇಲಿ ಕೈಯಲ್ಲಿ ಏನೂ ಉಳೀತಿಲ್ಲ.

ಗೋಡೌನಲ್ಲಿ ಯಾರೂ ಕೇಳದೇ ಇರೋ ವಿಸ್ಕಿ ಕೇಸ್‌ಗಳು ಧೂಳು ಹಿಡ್ಕೊಂಡು ಕೂತಿವೆ, ಆ ಕಡೆ ನೈಂಟಿ ಟೆಟ್ರಾ (90 ಎಂಎಲ್ ಪ್ಯಾಕೆಟ್) ಶನಿವಾರ ಸಂಜೆನೇ ಖಾಲಿ. ಇಬ್ರು ಹುಡುಗ್ರಿದಾರೆ, ಅಪ್ಪನ ಕಾಲದಿಂದ ಇರೋರು, ಕಳ್ಳರು ಅಂತ ಹೇಳೋಕೆ ಮನಸ್ಸು ಬರಲ್ಲ ಆದ್ರೆ ದಿನಾ ಲೆಕ್ಕದಲ್ಲಿ ಸ್ವಲ್ಪ ಸ್ವಲ್ಪ ಕಮ್ಮಿ ಬರುತ್ತೆ. ಅದ್ರ ಮೇಲೆ ಅಪ್ಪನ ಉದ್ರಿ ಬುಕ್ ಬೇರೆ, ಅದನ್ನ ತೆಗೆದು ನೋಡೋಕೇ ಭಯ. ವೀಕೆಂಡ್ ಟೂರಿಸ್ಟ್‌ಗಳು ಬಂದು ಚಿಲ್ಡ್ ಬಿಯರ್ ಕೇಳ್ತಾರೆ, ನಮ್ ಫ್ರಿಜ್ ಹಳೇದು, ಮಳೆ ಬಂದ್ರೆ ಕರೆಂಟೇ ಇರಲ್ಲ. ಈ ಲೈನಲ್ಲಿ ಇರೋರು ಯಾರಾದ್ರೂ ಇದ್ರೆ ಎಲ್ಲಿಂದ ಶುರು ಮಾಡ್ಬೇಕು ಹೇಳಿ. ಕುಡಿಯೋದು ಕೆಟ್ಟದ್ದು ಅಂತ ಉಪದೇಶ ಮಾಡೋರು ದಯವಿಟ್ಟು ಬೇರೆ ಕಡೆ ಮಾಡಿ.

ಗೋಣಿಕೊಪ್ಪ_ಹಳಬ:
ತಮ್ಮ, ಮೊದ್ಲು ಒಂದು ವಿಷಯ ತಲೇಲಿ ಇಟ್ಕೋ. ಬಟ್ಟೆ ಅಂಗಡಿಯೋನು ರೇಟ್ ಏರಿಸ್ಬೋದು, ಇಳಿಸ್ಬೋದು, ನಿಂಗೆ ಅದಿಲ್ಲ. ಸಿಎಲ್-2 ಅಂದ್ರೆ ಎಂಆರ್‌ಪಿಗೇ ಮಾರ್ಬೇಕು, ಮಾಲು ಕೆಎಸ್‌ಬಿಸಿಎಲ್ (ಸರ್ಕಾರದ ಮದ್ಯ ನಿಗಮ) ಡಿಪೋದಿಂದನೇ ಎತ್ತಬೇಕು, ಅದೂ ಮೊದ್ಲು ದುಡ್ಡು ಕಟ್ಟಿ. 2003ರಲ್ಲಿ ಸರ್ಕಾರ ಆ ನಿಗಮ ಮಾಡಿದ ಮೇಲೆ ಹೋಲ್‌ಸೇಲ್ ಪೂರ್ತಿ ಅವ್ರ ಕೈಲಿ. ನಿಂಗೆ ಸಿಗೋದು ಹತ್ತು ಪರ್ಸೆಂಟ್ ಆಸುಪಾಸು. ಹಂಗಿದ್ಮೇಲೆ ಲಾಭ ಎಲ್ಲಿಂದ ಬರ್ಬೇಕು? ಮಾಲು ಎಷ್ಟು ಬೇಗ ತಿರುಗುತ್ತೆ ಅನ್ನೋದ್ರಲ್ಲಿ, ಮತ್ತೆ ಎಲ್ಲಿ ಸೋರ್ತಿದೆ ಅದನ್ನ ಮುಚ್ಚೋದ್ರಲ್ಲಿ, ಅಷ್ಟೇ.

ಐದು ಲಕ್ಷದ ಸ್ಟಾಕ್ ತಿಂಗಳಿಗೆ ಒಂದ್ಸಲ ಖಾಲಿ ಆದ್ರೆ ಐವತ್ತು ಸಾವಿರ, ಅದೇ ಐದು ಲಕ್ಷ ವಾರಕ್ಕೊಂದ್ಸಲ ತಿರುಗಿದ್ರೆ ಎರಡು ಲಕ್ಷ. ಬಂಡವಾಳ ಅದೇ, ಅಂಗಡಿ ಅದೇ. ಧೂಳು ಹಿಡಿದಿರೋ ಆ ವಿಸ್ಕಿ ಇದ್ಯಲ್ಲ, ಅದು ನಿನ್ ದುಡ್ಡು ಅಲ್ಲಿ ಮಲಗಿರೋದು. ಕಂಪೆನಿ ರೆಪ್ ಬಂದು ಸ್ಕೀಮ್ ಇದೆ ಇಷ್ಟು ಕೇಸ್ ತಗೊಳ್ಳಿ ಅಂತ ಹೇಳಿರ್ತಾನೆ, ಅಪ್ಪಾಜಿ ಮುಖ ನೋಡಿ ತಗೊಂಡಿರ್ತಾರೆ, ಹೆಚ್ಚಿನ ಅಂಗಡೀಲಿ ಇದೇ ಕತೆ. ಅದನ್ನ ಮುಂದಿನ ಶೆಲ್ಫಿಗೆ ತಂದು ಖಾಲಿಯಾಗೋವರ್ಗೂ ಅದೇ ರೇಂಜಿಂದು ಬೇರೆ ಇಂಡೆಂಟ್ (ಡಿಪೋಗೆ ಆರ್ಡರ್) ಹಾಕ್ಬೇಡ. ದುಬಾರಿ ಬಾಟ್ಲಿನೂ ತುಂಬ್ಕೊಂಡು ಕೂರ್ಬೇಡ, 2024ರ ಆಗಸ್ಟಲ್ಲಿ ಪ್ರೀಮಿಯಂ ಬ್ರಾಂಡ್ ರೇಟ್ ಇಳೀತಲ್ಲ, ಆಗ ಹಳೇ ರೇಟಿನ ಬಾಟ್ಲಿ ಇಟ್ಕೊಂಡಿದ್ದೋರ ಹತ್ರ ಗಿರಾಕಿ ಸುಳೀಲಿಲ್ಲ.

ಇನ್ನು ಇಂಡೆಂಟ್ ಹಾಕೋದು ಕ್ಯಾಲೆಂಡರ್ ನೋಡಿ. ನಮ್ ಕಡೆ ಅದೇ ಎಲ್ಲ. ನವೆಂಬರಿಂದ ಅರೇಬಿಕಾ ಕೊಯ್ಲು, ಆಮೇಲೆ ಮಾರ್ಚ್ ತನಕ ರೋಬಸ್ಟಾ, ಆಗ ತೋಟಕ್ಕೆ ಹೊರಗಿನ ಜನ ಬರ್ತಾರೆ, ವಾರದ ಬಟವಾಡೆ ಕೈಗೆ ಬಂದ ದಿನ ನೈಂಟಿ ಮತ್ತೆ ಕ್ವಾರ್ಟರ್ (180 ಎಂಎಲ್) ಬಿಟ್ರೆ ಬೇರೆ ಯಾರೂ ಕೇಳಲ್ಲ. ಗೋಣಿಕೊಪ್ಪ ಸಂತೆ ಭಾನುವಾರ, ಮಡಿಕೇರಿ ಸಂತೆ ಶುಕ್ರವಾರ, ನಿನ್ ಸುತ್ತಮುತ್ತ ತೋಟದಲ್ಲಿ ಯಾವತ್ತು ಬಟವಾಡೆ ಅಂತ ಒಂದೊಂದಾಗಿ ತೋಟದ ಲೆಕ್ಕ ಬರೆಯೋ ರೈಟರ್‌ಗಳನ್ನ ಕೇಳಿ ಬರ್ಕೋ, ಅದ್ರ ಹಿಂದಿನ ದಿನ ಮಾಲು ಅಂಗಡೀಲಿ ಇರ್ಬೇಕು. ಟೆಟ್ರಾ ಶನಿವಾರ ಖಾಲಿ ಆಗುತ್ತೆ ಅಂದ್ರೆ ನೀನು ಶುಕ್ರವಾರ ಯೋಚನೆ ಮಾಡ್ತಿದೀಯ ಅಂತ. ಬುಧವಾರ ಮಾಡು.

ಜೂನ್‌ನಿಂದ ಸೆಪ್ಟೆಂಬರ್ ಮಳೇಲಿ ಬಿಯರ್ ಕಮ್ಮಿ ಮಾಡು, ರಮ್ಮು ಬ್ರಾಂದಿ ಜಾಸ್ತಿ ಇಡು. ಕಕ್ಕಡ ತಿಂಗಳಲ್ಲಿ, ಮಳೆ ಜೋರಿರುವಾಗ, ಗದ್ದೆ ಕೆಲಸ ಮುಗಿಸಿ ನೆನ್ಕೊಂಡು ಬರೋನು ಬಿಯರ್ ಕೇಳಲ್ಲ ಮಾರಾಯ. ಕೈಲ್‌ಪೋಳ್ದ್, ಪುತ್ತರಿ ಹಬ್ಬ ಹತ್ರ ಬಂದ್ರೆ ಫುಲ್ ಬಾಟ್ಲಿ ಹೋಗುತ್ತೆ, ಮನೆಗೆ ನೆಂಟ್ರು ಬರ್ತಾರೆ, ಕಾರಣರಿಗೆ (ಕುಲದ ಹಿರಿಯರಿಗೆ) ಮೀದಿ (ಎಡೆ) ಇಡೋಕೂ ಬೇಕು. ಆಗ ಒಳ್ಳೆ ಬ್ರಾಂಡ್ ಇಲ್ಲ ಅಂದ್ರೆ ಮುಂದಿನ ವರ್ಷನೂ ಆ ಮನೆಯೋರು ನಿನ್ ಅಂಗಡಿ ಮೆಟ್ಲು ಹತ್ತಲ್ಲ.

ಲೆಕ್ಕ_ಪಕ್ಕಾ:
ಹಳಬಣ್ಣ ಹೇಳಿದ್ದು ಸರಿ, ನಾನು ಕಾಗದದ ಕಡೆ ಹೇಳ್ತೀನಿ, ಬೋರ್ ಆದ್ರೂ ಓದಿ ಯಾಕಂದ್ರೆ ದಂಡ ಬೀಳೋದು ಇಲ್ಲೇ.

ಅಬಕಾರಿ ವರ್ಷ ಜುಲೈ 1ಕ್ಕೆ ಶುರು, ಜೂನ್ 30ಕ್ಕೆ ಮುಗಿಯುತ್ತೆ. ರಿನ್ಯೂವಲ್ ದುಡ್ಡು ದೊಡ್ಡ ಮೊತ್ತ, ಮಳೆಗಾಲದಲ್ಲಿ ವ್ಯಾಪಾರ ಬಿದ್ದಾಗಲೇ ಅದೂ ಬರೋದು, ಹಂಗಾಗಿ ಕೊಯ್ಲಿನ ಸೀಸನಲ್ಲೇ ಪ್ರತಿ ತಿಂಗಳು ತೆಗೆದು ಬೇರೆ ಅಕೌಂಟಿಗೆ ಹಾಕಿ. ಮೇ ತಿಂಗಳಲ್ಲಿ ಬಡ್ಡಿಗೆ ಓಡಾಡೋರನ್ನ ತುಂಬಾ ನೋಡಿದೀನಿ. ಲೈಸೆನ್ಸ್ ತಂದೆಯವ್ರ ಹೆಸರಲ್ಲಿದೆ ಅಂದ್ರಿ, ನೀವು ಕೌಂಟರಲ್ಲಿ ಕೂರೋದನ್ನ ಇಲಾಖೆಗೆ ಬರವಣಿಗೇಲಿ ತಿಳಿಸಿಡಿ, ಮುಂದೆ ಹೆಸರು ವರ್ಗಾವಣೆ ಮಾಡೋದಿದ್ರೆ ಅವ್ರು ಓಡಾಡೋ ಸ್ಥಿತೀಲಿ ಇರುವಾಗ್ಲೇ ವಿಚಾರಿಸಿ. ಕರ್ನಾಟಕದಲ್ಲಿ 1992ರಿಂದ ಹೊಸ ಸಿಎಲ್-2 ಕೊಡೋದು ನಿಲ್ಸಿದ್ರು, ಅದಕ್ಕೇ ಇರೋ ಲೈಸೆನ್ಸಿಗೆ ಇಷ್ಟು ಬೆಲೆ, ಯಾರಾದ್ರೂ ಲೀಸಿಗೆ ಕೊಡಿ ಅಂತ ಬಂದ್ರೆ ಬೇಡ ಅನ್ನಿ.

ಡಿಪೋಲಿ ಮಾಲು ಎತ್ತುವಾಗ ಟಿಸಿಎಸ್ ಅಂತ ಆದಾಯ ತೆರಿಗೆ ಮುಂಗಡವಾಗಿ ಕಟ್ ಆಗುತ್ತೆ, ಅದು ನಿಮ್ ಪ್ಯಾನಿಗೆ ಜಮಾ ಆಗಿರುತ್ತೆ, ರಿಟರ್ನ್ ಹಾಕಿದ್ರೆ ತೆರಿಗೇಲಿ ವಜಾ ಮಾಡ್ಕೋಬೋದು. ರಿಟರ್ನ್ ಹಾಕ್ದೆ ಆ ದುಡ್ಡು ಬಿಟ್ಕೊಟ್ಟೋರು ಇದಾರೆ! ಅಂದಾಜು ಲಾಭದ ಸ್ಕೀಮಲ್ಲಿ ಹಾಕಿ ಅಂತ ಕೆಲವ್ರು ಹೇಳ್ತಾರೆ, ಅದ್ರಲ್ಲಿ ಕ್ಯಾಶ್ ವ್ಯಾಪಾರಕ್ಕೆ 8 ಪರ್ಸೆಂಟ್, ಯುಪಿಐ ಬ್ಯಾಂಕಿಂದು 6 ಪರ್ಸೆಂಟ್ ಲಾಭ ತೋರಿಸ್ಬೇಕು. ಹತ್ತು ಪರ್ಸೆಂಟ್ ಮಾರ್ಜಿನಲ್ಲಿ ಸಂಬಳ, ಕರೆಂಟು, ಗಾಡಿ ಬಾಡಿಗೆ, ಲೈಸೆನ್ಸ್ ಫೀ ಕಳೆದ್ರೆ ಎಂಟು ಎಲ್ಲಿ ಉಳಿಯುತ್ತೆ? ಪುಸ್ತಕ ಬರೆದು ಆಡಿಟ್ ಮಾಡ್ಸೋದೇ ವಾಸಿ. ಜಿಎಸ್‌ಟಿ ತಲೆನೋವು ಇಲ್ಲ, ಕುಡಿಯೋ ಮದ್ಯ ಅದ್ರೊಳಗೆ ಬರಲ್ಲ. ಎಫ್‌ಎಸ್‌ಎಸ್‌ಎಐದು (ಆಹಾರ ಸುರಕ್ಷತೆ) ಲೈಸೆನ್ಸ್ ಮಾತ್ರ ಬೇಕು, ಎಣ್ಣೆ ಅಂಗಡಿಗೆ ಯಾಕೆ ಅಂತ ಎಲ್ರೂ ಕೇಳ್ತಾರೆ, ಬೇಕು ಅಷ್ಟೇ. ಸ್ಟಾಕ್ ರಿಜಿಸ್ಟರ್ ದಿನಾ ರಾತ್ರಿ ಬರೀರಿ, ಮಾಲು ತಂದ ಪರ್ಮಿಟ್ ಕಾಪಿ ತಾರೀಖಿನ ಪ್ರಕಾರ ಫೈಲ್ ಮಾಡಿ.

ಲೈನ್‌ಮನೆ_ರೋಡ್:
ಇಬ್ರಿಗೂ ತುಂಬಾ ಥ್ಯಾಂಕ್ಸ್. ರೈಟರ್‌ಗಳನ್ನ ಕೇಳೋ ಐಡಿಯಾ ಹೊಳೆದೇ ಇರ್ಲಿಲ್ಲ. ಆದ್ರೆ ಕ್ಯಾಶ್ ವಿಷ್ಯ? ಹುಡುಗ್ರನ್ನ ಏಕಾಏಕಿ ಅನುಮಾನದಲ್ಲಿ ನೋಡಿದ್ರೆ ಬಿಟ್ಟು ಹೋಗ್ತಾರೆ, ಇಲ್ಲಿ ಬೇರೆ ಜನ ಸಿಗಲ್ಲ. ಮತ್ತೆ ಉದ್ರಿ?

ಕೌಂಟರ್_ಅಕ್ಕ:
ನಾನು ಹೇಳ್ತೀನಿ ಕೇಳು. ನಮ್ಮನೆಯೋರ ಅಂಗಡೀಲಿ ನಾನೇ ಗಲ್ಲಾದಲ್ಲಿ ಕೂರೋದು, ಹೆಂಗಸು ಎಣ್ಣೆ ಅಂಗಡೀಲಾ ಅಂತ ಮೊದ್ಲು ಊರೆಲ್ಲ ಮಾತಾಡ್ತು, ಈಗ ಗಲಾಟೆ ಕಮ್ಮಿ ಅಂತ ಅವ್ರೇ ಹೇಳ್ತಾರೆ.

ಹುಡುಗ್ರನ್ನ ಅನುಮಾನ ಪಡೋ ಮುಂಚೆ ಲೆಕ್ಕ ಮಾಡೋ ರೀತಿ ಸರಿ ಇದ್ಯಾ ನೋಡು. ದಿನದ ಕೊನೇಲಿ ಗಲ್ಲಾದ ದುಡ್ಡು ಎಣಿಸಿದ್ರೆ ಏನೂ ಗೊತ್ತಾಗಲ್ಲ, ಬಾಟ್ಲಿ ಎಣಿಸ್ಬೇಕು. ಬೆಳಿಗ್ಗೆ ಶೆಲ್ಫಲ್ಲಿ ಎಷ್ಟಿತ್ತು, ಗೋಡೌನಿಂದ ಎಷ್ಟು ಬಂತು, ರಾತ್ರಿ ಎಷ್ಟಿದೆ, ಕಳೆದಿದ್ದು ಇಂಟು ಎಂಆರ್‌ಪಿ, ಅಷ್ಟು ದುಡ್ಡು ಕ್ಯಾಶು ಯುಪಿಐ ಸೇರಿ ಬರ್ಬೇಕು. ಎಲ್ಲಾ ಬ್ರಾಂಡ್ ದಿನಾ ಎಣಿಸೋಕಾಗಲ್ಲ ಅಂದ್ರೆ ಜಾಸ್ತಿ ಓಡೋ ಹತ್ತನ್ನ ದಿನಾ ಎಣಿಸು, ಉಳಿದಿದ್ದು ವಾರಕ್ಕೊಂದ್ಸಲ. ಕ್ವಾರ್ಟರ್ ಕೇಸಿಗೆ 48, ನೈಂಟಿ 96, ಹಾಫ್ 24, ಫುಲ್ 12, ದೊಡ್ಡ ಬಿಯರ್ 12, ಇದು ಬಾಯಿಪಾಠ ಇದ್ರೆ ಬಿಚ್ಚದ ಕೇಸ್ ಲೆಕ್ಕ ನಿಮಿಷದಲ್ಲಿ ಆಗುತ್ತೆ. ಗೋಡೌನ್ ಕೀ ಒಬ್ರ ಹತ್ರ ಮಾತ್ರ, ಅದು ನಿನ್ ಹತ್ರ.

ಒಡೆದಿದ್ದಕ್ಕೆ ಬೇರೆ ಪುಸ್ತಕ ಇಡು, ಒಡೆದ ಬಾಟ್ಲಿ ಕುತ್ತಿಗೆ ಮುಚ್ಚಳ ಸಮೇತ ತೋರಿಸಿದ್ರೇನೇ ಬರ್ಕೋಬೇಕು. ಒಂದು ಕ್ವಾರ್ಟರ್ ಒಡೆದ್ರೆ ಹತ್ತು ಕ್ವಾರ್ಟರ್ ಮಾರಿದ ಲಾಭ ಹೋಯ್ತು ಅಂತ ಹುಡುಗ್ರಿಗೆ ಒಂದ್ಸಲ ಪೇಪರಲ್ಲಿ ಬರೆದು ತೋರ್ಸು, ಆಮೇಲೆ ಕೇಸ್ ಎಸೆಯಲ್ಲ ಇಳಿಸ್ತಾರೆ.

ಇನ್ನೊಂದು ಸೋರಿಕೆ ಇದೆ, ಅದು ಲೆಕ್ಕದಲ್ಲಿ ಕಾಣ್ಸಲ್ಲ. ಟೂರಿಸ್ಟ್ ಕಾರ್ ನಿಂತ ಕೂಡ್ಲೇ ಎಂಆರ್‌ಪಿ ಮೇಲೆ ಹತ್ತು ಇಪ್ಪತ್ತು ಜಾಸ್ತಿ ತಗೊಂಡು ಜೇಬಿಗೆ ಹಾಕ್ಕೊಳೋದು, ಕೂಲಿಂಗ್ ಚಾರ್ಜ್ ಅಂತ. ನಿಂಗೆ ನಷ್ಟ ಇಲ್ಲ ಅನ್ಸುತ್ತೆ, ಆದ್ರೆ ಆ ಕಾರಿನೋನು ಕಂಪ್ಲೇಂಟ್ ಕೊಟ್ರೆ ಕೇಸ್ ಬೀಳೋದು ಲೈಸೆನ್ಸ್ ಮೇಲೆ, ಹುಡುಗನ ಮೇಲಲ್ಲ. ರೇಟ್ ಬೋರ್ಡ್ ದೊಡ್ಡದಾಗಿ ಹಾಕು, ಯುಪಿಐ ಸ್ಕ್ಯಾನರ್ ನಿನ್ ಅಕೌಂಟಿಂದೇ ಇರ್ಲಿ, ಸ್ಪೀಕರ್ ಬಾಕ್ಸ್ ಕೂಗೋ ಹಾಗೆ ಇಡು. ಸಂಬಳ ನೂರು ಇನ್ನೂರು ಜಾಸ್ತಿ ಕೊಡು, ರಾತ್ರಿ ಊಟಕ್ಕೆ ದುಡ್ಡು ಕೊಡು, ಇಷ್ಟರಲ್ಲೇ ಅರ್ಧ ಸರಿ ಹೋಗುತ್ತೆ.

ಉದ್ರಿ ನಿಲ್ಸು. ಇಂಥ ತಾರೀಖಿಂದ ಅಪ್ಪ ಕೊಡ್ಬೇಡ ಅಂದಿದಾರೆ ಅಂತ ಹೇಳು, ನಿನ್ ಮೇಲೆ ಸಿಟ್ಟು ಬರಲ್ಲ, ಅಪ್ಪಂಗೆ ಮಂಡಿ ನೋವು, ಅಂಗಡಿಗೆ ಬರಲ್ಲ, ಯಾರು ಹೋಗಿ ಕೇಳ್ತಾರೆ. ಹಳೇ ಬುಕ್ಕಲ್ಲಿ ಬರೋದು ಬರ್ಲಿ. ಡಿಪೋದೋನು ನಿಂಗೆ ಉದ್ರಿ ಕೊಡ್ತಾನಾ? 21 ತುಂಬದ ಹುಡುಗ್ರು ಬಂದ್ರೆ ವಾಪಸ್ ಕಳ್ಸು, ಯಾರ ಮಗ ಅಂತ ನೋಡ್ಬೇಡ. ಅಂಗಡಿ ಮುಂದೆ ನಿಂತು ಕುಡಿಯೋಕೆ ಬಿಡ್ಬೇಡ, ಲೋಟ ಕೊಡ್ಬೇಡ, ಒಂದಿನ ಬಿಟ್ರೆ ಅದೇ ಅಭ್ಯಾಸ ಆಗುತ್ತೆ.

ತೋಟದ_ಮನೆ:
ಅಂಗಡಿಯೋರೆಲ್ಲ ಸೇರಿ ಅಂಗಡಿ ವಿಷ್ಯನೇ ಮಾತಾಡ್ತಿದೀರ, ಒಂಚೂರು ನಮ್ ಕಡೆನೂ ನೋಡಿ. ಭಾನುವಾರ ಬಟವಾಡೆ ಕೊಟ್ರೆ ಸೋಮವಾರ ಕೆಲಸಕ್ಕೆ ಅರ್ಧ ಜನ ಇಲ್ಲ. ಟೂರಿಸ್ಟ್‌ಗಳು ಕುಡಿದು ಬಾಟ್ಲಿ ತೋಟಕ್ಕೆ ಎಸೀತಾರೆ, ಗಾಜು ಚುಚ್ಚಿ ಕೊಯ್ಲಿನ ಹೆಂಗಸ್ರ ಕಾಲು ಕುಯ್ಕೊಂಡು ಆಸ್ಪತ್ರೆಗೆ ಕರ್ಕೊಂಡು ಹೋಗೋದು ನಾವು. ನೀಲಗಿರೀಲಿ 2022ರಿಂದ ತಮಿಳುನಾಡು ಸರ್ಕಾರದ ಟಾಸ್ಮಾಕ್ ಮದ್ಯದ ಅಂಗಡೀಲಿ ಬಾಟ್ಲಿಗೆ ಹತ್ತು ರೂಪಾಯಿ ಜಾಸ್ತಿ ತಗೊಂಡು ಖಾಲಿ ಬಾಟ್ಲಿ ತಂದ್ರೆ ವಾಪಸ್ ಕೊಡ್ತಾರೆ, ಮದ್ರಾಸ್ ಹೈಕೋರ್ಟ್ ಹೇಳಿದ ಮೇಲೆ ಶುರುವಾಗಿದ್ದು. ಕೊಡಗಲ್ಲಿ ಯಾಕೆ ಆಗಲ್ಲ?

ಗೋಣಿಕೊಪ್ಪ_ಹಳಬ:
ಆಗ್ಬೇಕು, ಆದ್ರೆ ಸರ್ಕಾರ ಆದೇಶ ಮಾಡ್ಬೇಕು. ನಾವಾಗೇ ಹತ್ತು ರೂಪಾಯಿ ಜಾಸ್ತಿ ತಗೊಂಡ್ರೆ ಅದೇ ಎಂಆರ್‌ಪಿ ಕೇಸ್ ಆಗುತ್ತೆ ನೋಡಿ. ಬೇಕಾದ್ರೆ ತಮ್ಮ ಒಂದು ಕೆಲಸ ಮಾಡ್ಬೋದು, ಖಾಲಿ ಬಾಟ್ಲಿ ತಂದೋರಿಗೆ ಗುಜರಿ ರೇಟ್ ಕೊಟ್ಟು ತಗೊಂಡು ಹಿಂದೆ ಗೋಣೀಲಿ ತುಂಬಿಡೋದು, ಗುಜರಿಯೋನು ಬಂದು ಎತ್ಕೊಂಡು ಹೋಗ್ತಾನೆ, ರಟ್ಟಿನ ಬಾಕ್ಸ್ ಜೊತೆಗೆ. ಅದ್ರಲ್ಲಿ ಹುಡುಗ್ರ ಟೀ ಖರ್ಚು ಕಳೆಯುತ್ತೆ. ಸೋಮವಾರದ ವಿಷ್ಯಕ್ಕೆ ನಂಗೂ ಉತ್ತರ ಇಲ್ಲ ಸಾರ್, ಬಟವಾಡೆ ದಿನ ಬದಲಾಯ್ಸಿ ನೋಡಿದ ತೋಟದೋರೂ ಇದಾರೆ, ಕುಡಿಯೋ ದಿನ ಬದಲಾಯ್ತು ಅಷ್ಟೇ.

ಕುಟ್ಟ_ಗೇಟ್:
ಸಿದ್ದಾಪುರಕ್ಕೆ ಇದು ಅಷ್ಟು ತಾಗಲ್ಲ ಆದ್ರೂ ಹೇಳ್ತೀನಿ, ವಿರಾಜಪೇಟೆ ಕಡೆ ಇರೋರಿಗೆ ಉಪಯೋಗ ಆಗ್ಬೋದು. ಕೇರಳದಲ್ಲಿ ಪ್ರತಿ ತಿಂಗಳು ಒಂದನೇ ತಾರೀಖು ಡ್ರೈ ಡೇ, ಮದ್ಯ ಮಾರಲ್ಲ. ಅವತ್ತು ನಮ್ ಬಾರ್ಡರ್ ಅಂಗಡೀಲಿ ಜಾತ್ರೆ. ಕುಡಿಯೋಕೆ ಒಂದೆರಡು ಬಾಟ್ಲಿ ತಗೊಳೋರು ಬೇರೆ, ಕೇಸ್‌ಗಟ್ಲೆ ಕೇಳೋನು ಬೇರೆ, ಎರಡನೇದೋನು ಚೆಕ್‌ಪೋಸ್ಟಲ್ಲಿ ಸಿಕ್ಕಿಬಿದ್ರೆ ಬಾಟ್ಲಿ ಮೇಲಿನ ಲೇಬಲ್ ನೋಡ್ಕೊಂಡು ಅಂಗಡಿ ಹುಡುಕ್ಕೊಂಡು ಬರ್ತಾರೆ. ಮದುವೆಗೆ ಅಂತ ಜಾಸ್ತಿ ಕೇಳಿದ್ರೆ ಸಿಎಲ್-5 (ಒಂದು ಸಮಾರಂಭಕ್ಕೆ ಅಂತ ಕೊಡೋ ಲೈಸೆನ್ಸ್) ಮಾಡ್ಸಿದೀರಾ ಅಂತ ಕೇಳಿ, ಕಾಪಿ ಇಟ್ಕೊಂಡು ಕೊಡಿ. ಅಕ್ಟೋಬರ್ 2, ಎಲೆಕ್ಷನಲ್ಲಿ ಮತದಾನ ಮುಗಿಯೋವರೆಗಿನ 48 ಗಂಟೆ, ಮತ ಎಣಿಕೆ ದಿನ, ಅಂಗಡಿ ಮುಚ್ಚೋ ಇವೆಲ್ಲ ಮೊದ್ಲೇ ಗುರ್ತು ಹಾಕ್ಕೊಳಿ, ಹಿಂದಿನ ದಿನದ ವ್ಯಾಪಾರ ಎರಡು ದಿನದ್ದು ಸೇರಿ ಇರುತ್ತೆ.

ಲೈನ್‌ಮನೆ_ರೋಡ್:
ಇಷ್ಟು ಜನ ಇಷ್ಟು ಬರೀತೀರ ಅಂತ ಅನ್ಕೊಂಡಿರ್ಲಿಲ್ಲ. ಅಕ್ಕ ಹೇಳಿದ್ ಥರ ನಿನ್ನೆ ರಾತ್ರಿ ಬಾಟ್ಲಿ ಎಣಿಸಿದೆ. ಕಮ್ಮಿ ಬಂದಿದ್ದು ಹೆಚ್ಚಾಗಿ ಉದ್ರಿನೇ, ಹುಡುಗ್ರು ಅಪ್ಪನ ಹಳೇ ಗಿರಾಕಿಗಳಿಗೆ ಬರ್ಕೊಳ್ದೇ ಕೊಡ್ತಿದ್ರಂತೆ. ಇನ್ನು ಫ್ರಿಜ್ ಒಂದು ಹೇಳಿ, ಹೊಸದು ತಗೊಳೋದಾ? ವೀಕೆಂಡ್ ಬಿಟ್ರೆ ಬಿಯರ್ ಅಷ್ಟು ಹೋಗಲ್ಲ, ಇಲ್ಲಿ ಆನೆ ಕಾಟ ಬೇರೆ, ಏಳು ಗಂಟೆ ಆದ್ಮೇಲೆ ಲೋಕಲ್ ಜನ ರೋಡಿಗೇ ಬರಲ್ಲ.

ಕೌಂಟರ್_ಅಕ್ಕ:
ನೋಡಿದ್ಯಾ, ನಾನ್ ಹೇಳ್ಲಿಲ್ವಾ. ಫ್ರಿಜ್ ಈಗ ಬೇಡ, ಮಳೆ ಕಳೀಲಿ. ಟೂರಿಸ್ಟ್ ಬರೋದು ಅಕ್ಟೋಬರ್ ಮೇಲೆ, ಆಗ ಒಂದು ಗಾಜಿನ ಬಾಗಿಲಿನ ವಿಸಿ ಕೂಲರ್ ತಗೋ, ಬಿಯರ್ ಕಂಪೆನಿಯೋರು ಕೊಡ್ತಾರಾ ಅಂತನೂ ಕೇಳಿ ನೋಡು. ಇನ್ವರ್ಟರಲ್ಲಿ ಓಡಿಸ್ಬೇಡ, ಬ್ಯಾಟರಿ ಹಾಳಾಗುತ್ತೆ, ಸಣ್ಣ ಜನರೇಟರ್ ಇದ್ರೆ ಸಾಕು. ಬಿಯರಿಗೆ ಸಾಮಾನ್ಯವಾಗಿ ಆರು ತಿಂಗಳ ಡೇಟ್ ಇರುತ್ತೆ, ಹಳೇದು ಮುಂದೆ ಹೊಸದು ಹಿಂದೆ ಜೋಡ್ಸು, ಬಿಸ್ಲು ಬೀಳೋ ಕಡೆ ಇಡ್ಬೇಡ, ವಾಸನೆ ಬರುತ್ತೆ.

ಗೋಣಿಕೊಪ್ಪ_ಹಳಬ:
ಹಾಂ ಮತ್ತೆ ಗೋಡೌನಲ್ಲಿ ಕೇಸ್‌ಗಳನ್ನ ನೆಲದ ಮೇಲೆ ಇಡ್ಬೇಡ, ಗೋಡೆಗೂ ತಾಗಿಸ್ಬೇಡ, ಕೆಳಗೆ ಮರದ ಹಲಗೆ ಹಾಕು. ನಮ್ ಮಳೇಲಿ ರಟ್ಟು ಮೆತ್ತಗಾಗಿ ಕೆಳಗಿನ ಕೇಸ್ ಕುಸಿಯುತ್ತೆ, ಲೇಬಲ್ಲಿಗೆ ಬೂಷ್ಟು ಹಿಡಿದ್ರೆ ಗಿರಾಕಿ ಡೂಪ್ಲಿಕೇಟ್ ಅಂತಾನೆ. ಜೂನ್ ಬರೋ ಮುಂಚೆ ಮಾಡು ಇದನ್ನ.