ಜೈಲು ನೌಕರಿಯಲ್ಲಿ ಬಳಲಿದ ಮನಸ್ಸಿಗೆ ದಾರಿ ಯಾವುದು?

ಗುಬ್ಬಿ ತಾಲ್ಲೂಕಿನ ಒಬ್ಬ ವಾರ್ಡರ್ ಕೇಳಿರುವುದು:

ಸೇವೆಗೆ ಸೇರಿದ ಹೊಸತರಲ್ಲಿ ಕೈದಿಗಳ ಅಹವಾಲನ್ನು ನಿಂತು ಕೇಳುತ್ತಿದ್ದ ನನಗೆ ಈಗ ಯಾರು ಅತ್ತರೂ ಏನೂ ಅನ್ನಿಸುವುದಿಲ್ಲ. ರಾತ್ರಿ ಪಾಳಿ ಮುಗಿಸಿ ಬಂದರೆ ನಿದ್ರೆ ಹತ್ತುವುದಿಲ್ಲ. ಮಕ್ಕಳು ಗಟ್ಟಿಯಾಗಿ ಮಾತನಾಡಿದರೂ ರೇಗುತ್ತೇನೆ. ರಾಜೀನಾಮೆ ಕೊಟ್ಟು ಊರಿನ ತೆಂಗಿನ ತೋಟ ನೋಡಿಕೊಳ್ಳಬೇಕೆನ್ನಿಸಿದೆ. ಈ ಕೆಲಸ ಮಾಡಿದವರು, ಅವರ ಮನೆಯವರು ತಮ್ಮ ಅನುಭವ ತಿಳಿಸಬೇಕೆಂದು ಕೋರುತ್ತೇನೆ.

ಕೋಲಾರದ ನಿವೃತ್ತ ಮುಖ್ಯ ವಾರ್ಡರ್:

ನೀವು ಬರೆದಿರುವುದೆಲ್ಲ ನನಗೂ ಆಗಿತ್ತು. ಹೊರಗಿನವರಿಗೆ ನಮ್ಮದು ಕೂತು ಕಾಯುವ ಕೆಲಸವೆನ್ನಿಸುತ್ತದೆ. ಆದರೆ ಬೆಳಗ್ಗೆ ಬ್ಯಾರಕ್ ತೆರೆದು ಎಣಿಕೆ ಒಪ್ಪಿಸಿದಾಗಿನಿಂದ ಸಂಜೆ ಮತ್ತೆ ಎಣಿಸಿ ಬೀಗ ಹಾಕುವವರೆಗೆ, ಎಲ್ಲಿ ಜಗಳ ಹುಟ್ಟುತ್ತಿದೆ, ಯಾರ ಕೈಗೆ ಮೊಬೈಲ್ ಸೇರಿದೆ, ಜಾಮೀನು ಸಿಗದ ಯಾವ ಹುಡುಗ ಊಟ ಬಿಟ್ಟಿದ್ದಾನೆ ಎಂಬುದರ ಮೇಲೆ ಕಣ್ಣಿಟ್ಟಿರಬೇಕು. ಏನಾದರೂ ಹೆಚ್ಚುಕಡಿಮೆಯಾದರೆ ಅಮಾನತಿನ ಭಯ ಮೊದಲು ಪಾಳಿಯಲ್ಲಿದ್ದವನಿಗೇ. ಆ ಎಚ್ಚರ ಗೇಟು ದಾಟಿದ ಮೇಲೂ ಇಳಿಯುವುದಿಲ್ಲ. 2016ರ ಮಾದರಿ ಕಾರಾಗೃಹ ಕೈಪಿಡಿಯ ಪ್ರಕಾರ ಆರು ಕೈದಿಗಳಿಗೆ ಒಬ್ಬ ಕಾವಲು ಸಿಬ್ಬಂದಿ ಇರಬೇಕು. ನಾನು ಇದ್ದ ಕಡೆ ಇಡೀ ಬ್ಯಾರಕ್ಕನ್ನು ಒಬ್ಬನೇ ನೋಡಿಕೊಂಡ ರಾತ್ರಿಗಳೇ ಹೆಚ್ಚು. ಬದಲಿ ಆಳು ಬಾರದೆ ಪಾಳಿಗೆ ಪಾಳಿ ಸೇರುತ್ತಿತ್ತು. ಹಾಗಾಗಿ ಮನಸ್ಸು ಕಲ್ಲಾಗಿರುವುದನ್ನು ನಿಮ್ಮ ಸ್ವಭಾವದ ದೋಷವೆಂದು ದಯವಿಟ್ಟು ತಿಳಿಯಬೇಡಿ.

ನಿದ್ರೆಗೆಟ್ಟಿರುವ ಈ ಸ್ಥಿತಿಯಲ್ಲಿ ರಾಜೀನಾಮೆಗೆ ಸಹಿ ಹಾಕಲೂ ಬೇಡಿ. ನಮಗೆ ವರ್ಷಕ್ಕೆ 30 ದಿನ ಗಳಿಕೆ ರಜೆ, 20 ದಿನ ಅರ್ಧ ವೇತನ ರಜೆ ಜಮೆಯಾಗುತ್ತವೆ. ಎರಡನೆಯದನ್ನು ವೈದ್ಯರ ಪ್ರಮಾಣಪತ್ರದ ಮೇಲೆ, ಎರಡು ದಿನಕ್ಕೆ ಒಂದು ದಿನದಂತೆ, ಪೂರ್ಣ ವೇತನದ ಪರಿವರ್ತಿತ ರಜೆಯಾಗಿ ಪಡೆಯಬಹುದು. ಬಿಡಿಬಿಡಿಯಾಗಿ ಹಾಕಿದ ರಜೆಯಿಂದ ನನಗೆ ಏನೂ ಪ್ರಯೋಜನವಾಗಲಿಲ್ಲ. ಕ್ವಾರ್ಟರ್ಸಿನಲ್ಲಿದ್ದರೆ ಕರೆ ಬಂದೇ ಬರುತ್ತದೆ. ಒಟ್ಟಿಗೆ ರಜೆ ಪಡೆದು, ಕ್ವಾರ್ಟರ್ಸ್ ಬಿಟ್ಟು ಊರಿನಲ್ಲಿ ಉಳಿದ ಮೇಲೆಯೇ ನಿದ್ರೆ ಮರಳಿತು. ಹಿಂದಿರುಗಿದಾಗ ಕೆಲಕಾಲ ಕಚೇರಿ ಕೆಲಸ ಕೊಡಬೇಕೆಂದು ಲಿಖಿತವಾಗಿ ಕೇಳಿಕೊಂಡೆ. ಆಗಿನ ಜೈಲರ್ ಸಾಹೇಬರು ಒಪ್ಪಿದರು. ಬಾಯಿಮಾತಿನಲ್ಲಿ ಕೇಳಿದ್ದರೆ ಆಗುತ್ತಿರಲಿಲ್ಲವೆಂಬುದು ನನ್ನ ನಂಬಿಕೆ.

ಚಿಕ್ಕಬಳ್ಳಾಪುರದಿಂದ, ವಾರ್ಡರ್ ಒಬ್ಬರ ಪತ್ನಿ:

ನಮ್ಮ ಯಜಮಾನರು ಮನೆಯಲ್ಲಿಯೂ ಎಲ್ಲಿಗೆ ಹೋಗಿದ್ದೆ, ಯಾರೊಡನೆ ಮಾತನಾಡಿದೆ ಎಂದು ತನಿಖೆ ಮಾಡುತ್ತಿದ್ದರು. ಬಾಗಿಲಿನ ಚಿಲಕವನ್ನು ಎದ್ದೆದ್ದು ನೋಡುತ್ತಿದ್ದರು. ಒಳಗಿನ ವಿಷಯ ಹೊರಗೆ ಹೇಳಬಾರದೆಂದು ಬಾಯಿ ಬಿಡುತ್ತಿರಲಿಲ್ಲ. ಹೆಸರು ಬೇಡ, ಪ್ರಕರಣ ಬೇಡ, ಇವತ್ತು ಕಷ್ಟವಾಯಿತೇ ಎಂಬುದಷ್ಟನ್ನೇ ಹೇಳಿ ಎಂದು ನಾನು ಕೇಳತೊಡಗಿದೆ. ಆತ್ಮಹತ್ಯೆಗೆ ಯತ್ನಿಸಿದ ವಿಚಾರಣಾಧೀನ ಕೈದಿಯೊಬ್ಬನನ್ನು ಇವರೇ ಉಳಿಸಿದ್ದರೆಂಬುದು ಬಹಳ ತಡವಾಗಿ ತಿಳಿಯಿತು. ಅವರಿಂದ ಹೇಳಿಕೆ ಬರೆಸಿಕೊಂಡವರಲ್ಲಿ ಒಬ್ಬರೂ ನೀವು ಹೇಗಿದ್ದೀರಿ ಎಂದು ಕೇಳಿರಲಿಲ್ಲ. ಅದನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ. ನಿದ್ರೆ ಬರಲೆಂದು ಕುಡಿಯುವ ಅಭ್ಯಾಸ ಶುರುವಾಗಿದ್ದರೆ ಅದನ್ನೂ ವೈದ್ಯರಿಂದ ಮುಚ್ಚಿಡಬೇಡಿ.

ತುಮಕೂರಿನ ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆ:

ಬಳಲಿಕೆ, ಕೆಲಸದ ಬಗ್ಗೆ ತಾತ್ಸಾರ, ನನ್ನಿಂದ ಇನ್ನೇನೂ ಆಗದೆಂಬ ಭಾವನೆ: ಈ ಮೂರೂ ಕೂಡಿದ ಸ್ಥಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ರೋಗವೆಂದಲ್ಲ, ನಿಭಾಯಿಸಲಾಗದ ಕೆಲಸದ ಒತ್ತಡದ ಫಲವೆಂದು ವಿವರಿಸಿದೆ. ಆದರೆ ಅದರ ಜೊತೆಗೆ ಖಿನ್ನತೆಯೂ ಇರಬಹುದಾದ್ದರಿಂದ ಪರೀಕ್ಷೆ ಅಗತ್ಯ. ಸೇವೆಗೆ ತೊಂದರೆಯಾದೀತೆಂಬ ಭಯದಿಂದ ಅನೇಕರು ಹಿಂಜರಿಯುತ್ತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಮಿನ ಪ್ರಕಾರ, ಕೆಲವು ನಿರ್ದಿಷ್ಟ ಸಂದರ್ಭಗಳನ್ನು ಬಿಟ್ಟರೆ, ನಿಮ್ಮ ಚಿಕಿತ್ಸೆಯ ವಿವರವನ್ನು ವೈದ್ಯರು ಗೋಪ್ಯವಾಗಿಡಬೇಕು. ರಜೆಯ ಪ್ರಮಾಣಪತ್ರದಲ್ಲಿ ಏನು ಬರೆಯುತ್ತಾರೆಂದು ಮೊದಲೇ ಕೇಳಿ ತಿಳಿದುಕೊಳ್ಳಿ. ಜೈಲಿನ ವೈದ್ಯರ ಬಳಿ ಸಂಕೋಚವೆನಿಸಿದರೆ ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು. ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಹಗಲು ರಾತ್ರಿ ಉಚಿತವಾಗಿ ಕನ್ನಡದಲ್ಲಿಯೇ ಮಾತನಾಡಬಹುದು. ಬದುಕೇ ಬೇಡವೆನ್ನಿಸಿದರೆ ಮಾತ್ರ ರಜೆ ಮಂಜೂರಾಗಲೆಂದು ಕಾಯಬೇಡಿ. ಮನೆಯವರನ್ನು ಕರೆದುಕೊಂಡು ಆ ರಾತ್ರಿಯೇ ತುರ್ತು ಚಿಕಿತ್ಸಾ ವಿಭಾಗಕ್ಕೆ ಬನ್ನಿ.