ಸಹಾಯ ಬೇಕು: ವಿಎಚ್‌ಎಸ್ ಕಾಪಿಯಲ್ಲಿ ತುಟಿ ಮುಂದೆ, ಮಾತು ಹಿಂದೆ

ಎಲ್ಲರಿಗೂ ನಮಸ್ಕಾರ. ಟಿವಿಯಿಂದ ರೆಕಾರ್ಡ್ ಮಾಡಿದ ಹಳೇ ಸೈನ್ಸ್ ಫಿಕ್ಷನ್ ಧಾರಾವಾಹಿಯ ವಿಎಚ್‌ಎಸ್ ವಿಡಿಯೊ ಕ್ಯಾಸೆಟ್‌ಗಳನ್ನ ಲ್ಯಾಪ್‌ಟಾಪ್‌ಗೆ ಕಾಪಿ ಮಾಡ್ತಿದ್ದೀನಿ, ಎಲ್ಲಾ ಇ-180 (180 ನಿಮಿಷದ್ದು). ಒಂದೊಂದಕ್ಕೆ ಮೂರು ಗಂಟೆ ಬೇಕೇ ಬೇಕು, ಬೇಗ ಓಡಿಸೋಕಾಗಲ್ಲ. ಬೆಳಿಗ್ಗೆ ಕುಕ್ಕರ್ ಇಡುವಾಗ ಪ್ಲೇ ಒತ್ತಿದರೆ, ಬಟ್ಟೆ ಒಣಹಾಕಿ ಆಫೀಸಿನ ಮೊದಲ ಮೀಟಿಂಗ್ ಮುಗಿಯುವಷ್ಟರಲ್ಲಿ ಒಂದು ಕ್ಯಾಸೆಟ್ ಆಗುತ್ತೆ.

ಕ್ಯಾಸೆಟ್ ಓಡಿಸುವ ವಿಸಿಆರ್‌ನಿಂದ ಹಳದಿ-ಬಿಳಿ-ಕೆಂಪು ವೈರ್, ಅಲ್ಲಿಂದ ಯುಎಸ್‌ಬಿ ಕ್ಯಾಪ್ಚರ್ ಡಾಂಗಲ್ (ಸಿಗ್ನಲ್ಲನ್ನು ಲ್ಯಾಪ್‌ಟಾಪ್‌ಗೆ ಕೊಡುವ ಪುಟ್ಟ ಸಾಧನ). ಪಾಲ್ (ನಮ್ಮ ಕಡೆಯ ಟಿವಿ ಸಿಗ್ನಲ್ ಪದ್ಧತಿ), 720×576, ಸೆಕೆಂಡಿಗೆ 25 ಫ್ರೇಮ್ (ಬಿಡಿ ಚಿತ್ರ), ಆಡಿಯೊ 48 ಕಿಲೊಹರ್ಟ್ಸ್. ಲ್ಯಾಪ್‌ಟಾಪ್ ಸ್ಲೀಪ್ ಆಫ್, ಡಾಂಗಲ್ ನೇರ ಪೋರ್ಟಿಗೆ, ಹಬ್ ಇಲ್ಲ.

ಮೊದಲ ಹತ್ತು ನಿಮಿಷ ಸರಿ. ಗಂಟೆಯಾಗುವಷ್ಟರಲ್ಲಿ ಗಗನಯಾತ್ರಿ ಬಾಯಿ ಮುಚ್ಚಿದ 2 ಸೆಕೆಂಡಿಗೆ ಮಾತು ಬರುತ್ತೆ. ಬಿಟ್ಟುಹೋದ ಫ್ರೇಮ್ ಎಣಿಕೆ ಆಗ 50ರ ಆಸುಪಾಸು. 25ರಿಂದ ಭಾಗಿಸಿದರೆ ಲೆಕ್ಕ ತಾಳೆ. ಟೇಪ್ ಮಡಚಿದ ಕಡೆ, ರೆಕಾರ್ಡಿಂಗ್ ನಿಲ್ಲಿಸಿ ಮತ್ತೆ ಶುರು ಮಾಡಿದ ಕಡೆ ಸಿಂಕ್ (ಚಿತ್ರದ ತಾಳ ಹಿಡಿಯುವ ಸಿಗ್ನಲ್) ಅಲುಗಿ ಫ್ರೇಮ್ ಬಿಟ್ಟುಹೋಗ್ತಿದೆ. ಆಡಿಯೊ ಮಾತ್ರ ನಿಲ್ಲದೆ ಓಡುತ್ತೆ. ಇಡೀ ಆಡಿಯೊ ಒಂದೇ ಸಮ ಕುಗ್ಗಿಸಿದರೆ ಕೊನೆ ಸರಿಹೋಗಿ ನಡುವೆ ಕೆಡುತ್ತೆ, ಯಾಕಂದ್ರೆ ಫ್ರೇಮ್ ಸಮವಾಗಿ ಬಿಟ್ಟುಹೋಗಲ್ಲ.

ವಿಸಿಆರ್‌ನ ಹೆಡ್ (ಟೇಪ್ ಓದುವ ಭಾಗ) ಕ್ಲೀನ್ ಆಗಿದೆ: ಐಸೊಪ್ರೊಪೈಲ್ ಆಲ್ಕೋಹಾಲ್, ಶ್ಯಾಮಿ (ಮೆದು ಚರ್ಮದ) ಬಟ್ಟೆ, ಹೆಡ್ ಇರುವ ಡ್ರಮ್ ಕೈಯಲ್ಲಿ ತಿರುಗಿಸಿ. (ಕಿವಿ ಹತ್ತಿಕಡ್ಡಿ ಬೇಡ, ಎಳೆ ಸಿಕ್ಕಿ ಹೆಡ್ ಮುರಿಯುತ್ತೆ.) ಬಿಳಿ ಬೂಷ್ಟು ಹಿಡಿದ ಎರಡು ಕ್ಯಾಸೆಟ್ ಬೇರೆ ಇಟ್ಟಾಗಿದೆ.

ಅಲುಗುವ ಸಿಂಕ್ ಸರಿಮಾಡುವ ಟೈಮ್ ಬೇಸ್ ಕರೆಕ್ಟರ್ ಬೆಲೆ ಕೈಗೆಟುಕಲ್ಲ. ಹಳೇ ಡಿವಿಡಿ ರೆಕಾರ್ಡರ್ ನಡುವೆ ಇಟ್ಟು ಸಿಗ್ನಲ್ ದಾಟಿಸಿದರೆ ಸಾಕಾ? ಪಾಲ್‌ನಲ್ಲಿ ಯಾವ ಮಾಡೆಲ್ ಕೆಲಸ ಮಾಡಿದೆ, ಬೆಂಗಳೂರಲ್ಲಿ ಸೆಕೆಂಡ್‌ಹ್ಯಾಂಡ್ ಎಲ್ಲಿ ಸಿಗುತ್ತೆ? ಬಳಸಿದವರು ದಯವಿಟ್ಟು ತಿಳಿಸಿ.